ಹದಿನಾಲ್ಕು ರೂಪಾಯಿಯ ಚುನಾವಣೆ

ಬೀದರ್ ಜಿಲ್ಲೆಯಲ್ಲಿ ಈಗ ಚುನಾವಣೆಯ ಮಾತು ಎಲ್ಲಿ ಎದ್ದರೂ ಅದು ಬಂದು ನಿಲ್ಲುವುದು ಮತಗಳವಿನ ಹತ್ತಿರ. ಬಸವಕಲ್ಯಾಣದ ಚಹಾದಂಗಡಿಯಲ್ಲಿ ಒಬ್ಬರು ಮಷಿನ್ ಕಡೆ ಬೆರಳು ತೋರಿಸಿದರೆ, ಹುಮನಾಬಾದಿನ ಹೆದ್ದಾರಿ ಧಾಬಾದಲ್ಲಿ ಇನ್ನೊಬ್ಬರು ಮತದಾರರ ಪಟ್ಟಿಯ ಕಡೆ ತೋರಿಸುತ್ತಾರೆ. ಸೋತ ಪಕ್ಷದವರ ಬಾಯಲ್ಲಿ ಹುಟ್ಟಿದ ಈ ಮಾತನ್ನು ಈಗ ಮಾಸ್ತರರು, ವಕೀಲರು, ಕಾಲೇಜು ಹುಡುಗರು ಎಲ್ಲರೂ ಸಿದ್ಧಾಂತದ ಹಾಗೆ ಹೇಳುತ್ತಿದ್ದಾರೆ. ನಾವು ಸರಿಯಾಗಿಯೇ ಮತ ಹಾಕುತ್ತೇವೆ, ಮೇಲೆ ಕುಳಿತ ಯಾರೋ ಅದನ್ನು ಕದಿಯುತ್ತಾರೆ ಎಂಬುದು ಆ ಸಿದ್ಧಾಂತದ ಸಾರ.

ಇದನ್ನು ನಾನು ಒಪ್ಪುವುದಿಲ್ಲ. ಮತದಾರರ ಪಟ್ಟಿಯಲ್ಲಿ ಮೋಸ ನಡೆಯುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ಮಗ್ಗುಲಲ್ಲೇ ಅಂಥ ಪ್ರಯತ್ನ ನಡೆದಿದೆ, ಅದನ್ನು ಮಾಡಿದವರಿಗೆ ಶಿಕ್ಷೆಯಾಗಲೇಬೇಕು. ಆದರೆ ನಮ್ಮ ಪ್ರಜಾಪ್ರಭುತ್ವವನ್ನು ಹೆಚ್ಚು ಕೆಡಿಸಿರುವುದು ಯಾವುದು ಎಂದು ತೂಗಿ ನೋಡಿದರೆ ತಕ್ಕಡಿ ರೊಕ್ಕದ ಕಡೆಗೇ ವಾಲುತ್ತದೆ. ಅದೂ ಸ್ವಲ್ಪವಲ್ಲ, ಬಹಳ. ಈ ರೊಕ್ಕದ ವ್ಯವಹಾರವನ್ನು ಹಿಡಿಯಲು ಹ್ಯಾಕರ್ ಬೇಡ, ವಿಧಿವಿಜ್ಞಾನ ಪ್ರಯೋಗಾಲಯವೂ ಬೇಡ. ಅದು ಎಲ್ಲರ ಕಣ್ಣೆದುರೇ ನಡೆಯುತ್ತದೆ. ಆದ್ದರಿಂದಲೇ ಅದರ ಬಗ್ಗೆ ಯಾರೂ ಪತ್ರಿಕಾಗೋಷ್ಠಿ ಕರೆಯುವುದಿಲ್ಲ.

ಮತಗಳವಿನ ವಾದಕ್ಕೆ ಸಿಕ್ಕಿರುವ ಅತಿ ಗಟ್ಟಿ ಸಾಕ್ಷಿ ಆಳಂದದ್ದು. ಅದನ್ನೇ ಮೊದಲು ನೋಡೋಣ. ಆಳಂದ ಕಲಬುರಗಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ನಮ್ಮ ಬೀದರ್ ಕ್ಷೇತ್ರದ್ದೇ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಅಲ್ಲಿ 6,018 ಮತದಾರರ ಹೆಸರು ತೆಗೆಯಬೇಕೆಂದು ಆನ್‌ಲೈನಿನಲ್ಲಿ ಫಾರಂ 7 ಅರ್ಜಿಗಳು ಬಂದವು. ಅರ್ಜಿದಾರರೆಂದು ದಾಖಲಾದವರಿಗೇ ಆ ವಿಷಯ ಗೊತ್ತಿರಲಿಲ್ಲ. ಬೂತ್ ಮಟ್ಟದ ಅಧಿಕಾರಿಯೊಬ್ಬರು ತಮ್ಮ ಸಂಬಂಧಿಕರ ಹೆಸರನ್ನೇ ತೆಗೆಯಲು ಅರ್ಜಿ ಬಂದಿರುವುದನ್ನು ಗಮನಿಸಿ ವಿಚಾರಿಸಿದಾಗ ಸಂಗತಿ ಹೊರಬಿತ್ತು. ಪರಿಶೀಲಿಸಿದಾಗ 24 ಅರ್ಜಿಗಳು ಮಾತ್ರ ಸರಿಯೆಂದು ಕಂಡವು. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. ಫೆಬ್ರವರಿ 2023ರಲ್ಲಿ ಚುನಾವಣಾ ಅಧಿಕಾರಿಗಳೇ ಆಳಂದ ಠಾಣೆಯಲ್ಲಿ ಪ್ರಕರಣ ದಾಖಲಿಸಿದರು. 18 ಸೆಪ್ಟೆಂಬರ್ 2025ರಂದು ರಾಹುಲ್ ಗಾಂಧಿ ಇದನ್ನು ದೇಶದ ಮುಂದಿಟ್ಟ ಮೇಲೆ ರಾಜ್ಯ ಸರ್ಕಾರ ಎಸ್‌ಐಟಿ ರಚಿಸಿತು.

ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. 2018ರಲ್ಲಿ ಇದೇ ಆಳಂದದ ಫಲಿತಾಂಶ 697 ಮತಗಳ ಅಂತರದಲ್ಲಿ ನಿರ್ಧಾರವಾಗಿತ್ತು. ಅಂಥ ಕ್ಷೇತ್ರದಲ್ಲಿ ಆರು ಸಾವಿರ ಹೆಸರು ಹೋಗಿದ್ದರೆ ಇಡೀ ಫಲಿತಾಂಶವೇ ತಿರುಗಬಹುದಿತ್ತು. ತನಿಖೆಗೆ ಬೇಕಾದ ತಾಂತ್ರಿಕ ವಿವರಗಳನ್ನು ಚುನಾವಣಾ ಆಯೋಗ ಪೂರ್ತಿಯಾಗಿ ಕೊಡಲಿಲ್ಲ ಎಂಬುದು ರಾಜ್ಯದ ದೂರು. ತನ್ನಲ್ಲಿದ್ದುದನ್ನು ಕೊಟ್ಟಿದ್ದೇನೆ ಎಂಬುದು ಆಯೋಗದ ಉತ್ತರ. ಇಂಥ ವಿಷಯದಲ್ಲಿ ಗುಮಾನಿಗೆ ಎಡೆ ಉಳಿಸಿದ್ದೇ ಆಯೋಗದ ತಪ್ಪು. ಡಿಸೆಂಬರ್ 2024ರಲ್ಲಿ ಚುನಾವಣಾ ನಿಯಮ 93ಕ್ಕೆ ತಿದ್ದುಪಡಿಯಾಗಿ ಮತಗಟ್ಟೆಯ ಸಿಸಿಟಿವಿ ದೃಶ್ಯಗಳು ಸಾರ್ವಜನಿಕರ ಕೈಗೆ ಸಿಗದಂತಾದವು. ಬೆಂಗಳೂರಿನ ಮಹದೇವಪುರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅಕ್ರಮ ಮತಗಳಿವೆಯೆಂದು ಆಗಸ್ಟ್ 2025ರಲ್ಲಿ ಆರೋಪ ಬಂದಾಗ ಆಯೋಗ ಆರೋಪ ಮಾಡಿದವರಿಗೇ ಪ್ರಮಾಣಪತ್ರ ಕೊಡಿ ಎಂದಿತು. ಆ ಪಟ್ಟಿಯನ್ನು ಜನರೆದುರು ತೆರೆದಿಟ್ಟು ಮನೆಮನೆ ತಪಾಸಣೆ ಮಾಡಿದ್ದರೆ ಆಯೋಗದ ಗೌರವ ಹೆಚ್ಚುತ್ತಿತ್ತು.

ಇಷ್ಟನ್ನೂ ಒಪ್ಪಿದ ಮೇಲೆ ಆಳಂದ ನಿಜವಾಗಿ ಹೇಳುವುದೇನು? ಒಂದು, ಅಲ್ಲಿ ಕಳವಿನ ಪ್ರಯತ್ನ ನಡೆಯಿತು, ಕಳವು ನಡೆಯಲಿಲ್ಲ. ಊರಿನ ಮನುಷ್ಯರು ಅರ್ಜಿಗಳನ್ನು ನೋಡಿದರು, ಮನೆಗೆ ಹೋಗಿ ಕೇಳಿದರು, ತಡೆದರು. ಕಾಂಗ್ರೆಸ್ಸಿನ ಬಿ.ಆರ್. ಪಾಟೀಲರು ಹತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಎರಡು, ಇದು ಇನ್ನೂ ಮುಖ್ಯವಾದದ್ದು: ಎಸ್‌ಐಟಿ ಹೇಳುವ ಪ್ರಕಾರ ಒಂದೊಂದು ಅರ್ಜಿಗೆ 80 ರೂಪಾಯಿಯಂತೆ ರೊಕ್ಕ ಸಂದಾಯವಾಗಿತ್ತು, ಒಟ್ಟು ಸುಮಾರು 4.8 ಲಕ್ಷ. ಇದು ನ್ಯಾಯಾಲಯದಲ್ಲಿ ಸಾಬೀತಾಗಬೇಕು. ಸಾಬೀತಾದರೆ ಮತಗಳವಿನ ವಾದಿಗಳು ಎದುರಿಸಬೇಕಾದ ಒಂದು ಸತ್ಯ ಅದರಲ್ಲಿದೆ. ಆರು ಸಾವಿರ ಜನರ ಹಕ್ಕನ್ನು ಅಳಿಸುವುದೂ ಚುನಾವಣಾ ಖರ್ಚಿನ ಒಂದು ಬಾಬತ್ತು, ಯಾವ ಅಭ್ಯರ್ಥಿಯ ಲೆಕ್ಕಪತ್ರದಲ್ಲೂ ಕಾಣದ ಬಾಬತ್ತು. ಲೆಕ್ಕವಿಲ್ಲದ ರೊಕ್ಕ ಮೊದಲು ಇರುತ್ತದೆ, ಮೋಸ ಅದರ ಹಿಂದೆ ಬರುತ್ತದೆ. ಮೂಲವನ್ನು ಬಿಟ್ಟು ಕೊನೆಯ ಕೊಂಬೆಯನ್ನಷ್ಟೇ ಕಡಿಯುವುದರಿಂದ ಏನೂ ಆಗದು.

ಇನ್ನು ಮಷಿನ್. ಬೀದರ್ ಜಿಲ್ಲೆಯ ಫಲಿತಾಂಶಗಳನ್ನೇ ಎದುರಿಗಿಟ್ಟುಕೊಂಡು ನೋಡಿ. ಮೇ 2023ರಲ್ಲಿ ಕೇಂದ್ರದಲ್ಲೂ ರಾಜ್ಯದಲ್ಲೂ ಬಿಜೆಪಿಯದೇ ಸರ್ಕಾರವಿತ್ತು. ರಾಜ್ಯದಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಅದೇ ದಿನ, ಅದೇ ಬಗೆಯ ಯಂತ್ರಗಳಲ್ಲಿ, ಬೀದರ್ ಜಿಲ್ಲೆಯ ಆರರಲ್ಲಿ ನಾಲ್ಕು ಕ್ಷೇತ್ರ ಬಿಜೆಪಿಗೆ ಹೋದವು. ಬಸವಕಲ್ಯಾಣದಲ್ಲಿ ಶರಣು ಸಲಗರ ಮತ್ತೆ ಗೆದ್ದರು. ಹುಮನಾಬಾದಿನಲ್ಲಿ ಕಾಂಗ್ರೆಸ್ಸಿನ ರಾಜಶೇಖರ ಪಾಟೀಲರು ಬಿಜೆಪಿಯ ಸಿದ್ದು ಪಾಟೀಲರ ಎದುರು ಎರಡು ಸಾವಿರಕ್ಕೂ ಕಡಿಮೆ ಮತಗಳಿಂದ ಸೋತರು. ಒಂದೇ ವರ್ಷದಲ್ಲಿ, 2024ರ ಲೋಕಸಭಾ ಚುನಾವಣೆಯಲ್ಲಿ, ಇದೇ ಮತದಾರರು ಕೇಂದ್ರದ ಮಂತ್ರಿಯಾಗಿದ್ದ ಭಗವಂತ ಖೂಬಾ ಅವರನ್ನು ಸೋಲಿಸಿ ಕಾಂಗ್ರೆಸ್ಸಿನ ಸಾಗರ್ ಖಂಡ್ರೆ ಅವರನ್ನು 1,28,000ಕ್ಕೂ ಹೆಚ್ಚಿನ ಲೀಡಿನಲ್ಲಿ ಕಳಿಸಿದರು. ದಿಲ್ಲಿಯ ಕೈ ಮಷಿನ್ನಿನೊಳಗೆ ಇರುವುದಾದರೆ ದಿಲ್ಲಿಯ ಮಂತ್ರಿಯನ್ನೇ ಅದು ಏಕೆ ಸೋಲಿಸಿತು? ಗೆದ್ದಾಗ ಜನಾದೇಶ, ಸೋತಾಗ ಮಷಿನ್ ಎನ್ನುವುದು ವಾದವೇ ಅಲ್ಲ.

ಯಂತ್ರವನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಪರೀಕ್ಷೆಗೆ ದಾರಿಗಳಿವೆ, ಅವು ಒಂದೊಂದಾಗಿ ಹೋರಾಟದಿಂದಲೇ ಬಂದಿವೆ. ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ವಿವಿಪ್ಯಾಟ್ ಚೀಟಿ ಬೇಕೆಂದಿತು. 2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ತಾಳೆ ನೋಡಲಾಗುತ್ತದೆ. 26 ಏಪ್ರಿಲ್ 2024ರ ತೀರ್ಪಿನ ಪ್ರಕಾರ ಎರಡನೆಯ, ಮೂರನೆಯ ಸ್ಥಾನದಲ್ಲಿ ನಿಂತ ಅಭ್ಯರ್ಥಿಗಳು ಶೇ. 5ರಷ್ಟು ಯಂತ್ರಗಳ ಪರಿಶೀಲನೆ ಕೇಳಬಹುದು. ಇದು ಸಾಲದೆನಿಸಿದರೆ ಹೆಚ್ಚು ಚೀಟಿ ಎಣಿಸಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ. ಯಂತ್ರದ ಮೋಸಕ್ಕೆ ಹೀಗೆ ಅಳತೆಗೋಲು, ಅವಧಿ, ಪರೀಕ್ಷೆ ಎಲ್ಲವೂ ಇವೆ. ರೊಕ್ಕದ ಮೋಸಕ್ಕೆ ಇವುಗಳಲ್ಲಿ ಯಾವುದಿದೆ?

ಸೆಪ್ಟೆಂಬರ್ 2025ರಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರ ಬಳಸಬೇಕೆಂದು ಶಿಫಾರಸು ಮಾಡಿತು. ಮತಪತ್ರದ ಕಾಲ ಶುದ್ಧವಾಗಿತ್ತೆಂದು ನಂಬುವವರು ಎರಡು ಸಂಗತಿ ನೆನೆಯಬೇಕು. ಬೂತ್ ವಶಪಡಿಸಿಕೊಳ್ಳುವುದು ಎಷ್ಟು ಹೆಚ್ಚಿತ್ತೆಂದರೆ 1989ರಲ್ಲಿ ಅದಕ್ಕೆಂದೇ ಕಾನೂನಿನಲ್ಲಿ ಹೊಸ ಕಲಮು ಸೇರಿಸಬೇಕಾಯಿತು. ಇನ್ನೊಂದು, ಚುನಾವಣಾ ಖರ್ಚಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ಅತಿ ಮಹತ್ವದ ತೀರ್ಪು ಬಂದದ್ದೇ ಮತಪತ್ರದ ಚುನಾವಣೆಯಿಂದ. 1971ರಲ್ಲಿ ದಿಲ್ಲಿಯ ಸದರ್ ಕ್ಷೇತ್ರದಲ್ಲಿ ನಡೆದ ಚುನಾವಣೆ ಅದು. ಕಾಗದವಿರಲಿ, ಗುಂಡಿಯಿರಲಿ, ಅದಕ್ಕೆ ಮುಂಚೆ ಹಂಚಿದ ರೊಕ್ಕ ಹಂಚಿದ್ದೇ. ಮತಪತ್ರಕ್ಕಾಗಿ ಇಷ್ಟು ಕಾಳಜಿ ತೋರುವ ರಾಜ್ಯದಲ್ಲಿ 2021ಕ್ಕೆ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಬಿಜೆಪಿ ಸರ್ಕಾರದಲ್ಲೂ, ಕಾಂಗ್ರೆಸ್ ಸರ್ಕಾರದಲ್ಲೂ. ಮತ ಕೇಳದೆಯೇ ಅಧಿಕಾರ ನಡೆಸುವುದು ಯಾವ ಕಳವಿಗಿಂತ ಕಡಿಮೆ?

ಈಗ ರೊಕ್ಕದ ಲೆಕ್ಕಕ್ಕೆ ಬರೋಣ. 17 ಏಪ್ರಿಲ್ 2021ರಂದು ಬಸವಕಲ್ಯಾಣದಲ್ಲಿ ಉಪಚುನಾವಣೆ ನಡೆಯಿತು. ಶಾಸಕ ಬಿ. ನಾರಾಯಣರಾವ್ ಅವರು ಹಿಂದಿನ ವರ್ಷ ಕೋವಿಡ್‌ಗೆ ಬಲಿಯಾಗಿದ್ದರು. ಆಗ ಒಬ್ಬ ಅಭ್ಯರ್ಥಿ ಮಾಡಬಹುದಾದ ಖರ್ಚಿನ ಮಿತಿ 30.8 ಲಕ್ಷ ರೂಪಾಯಿ. ಕ್ಷೇತ್ರದ ಮತದಾರರು ಎರಡೂಕಾಲು ಲಕ್ಷಕ್ಕೂ ಹೆಚ್ಚು. ಭಾಗಿಸಿ ನೋಡಿದರೆ ಒಬ್ಬ ಮತದಾರರಿಗೆ ಹದಿನಾಲ್ಕು ರೂಪಾಯಿಯೂ ಬೀಳದು. ಜೀಪು, ಮೈಕು, ಪೆಂಡಾಲು, ಬೂತ್ ಏಜೆಂಟರ ಊಟ, ಕರಪತ್ರ, ಮೊಬೈಲ್ ಜಾಹೀರಾತು ಎಲ್ಲವೂ ಈ ಹದಿನಾಲ್ಕು ರೂಪಾಯಿಯಲ್ಲೇ ಮುಗಿಯಬೇಕು. ಅಂಥ ಉಪಚುನಾವಣೆಯನ್ನು ಈ ಊರಿನ ಯಾರಾದರೂ ಕಂಡಿದ್ದಾರೆಯೇ? ಹಲವಾರು ಮಂತ್ರಿಗಳು ಬೀಡುಬಿಟ್ಟಿದ್ದರು, ರಾಜ್ಯದ ನಾಲ್ಕು ದಿಕ್ಕಿನಿಂದ ಕಾರ್ಯಕರ್ತರು ಬಂದಿದ್ದರು, ಮುಖ್ಯಮಂತ್ರಿಗಳೂ ಪ್ರಚಾರಕ್ಕೆ ಬಂದಿದ್ದರು. ಕೋವಿಡ್‌ನ ಎರಡನೆಯ ಅಲೆಯ ನಡುವೆಯೇ ರ್‍ಯಾಲಿಗಳು ನಡೆದವು.

ಮಿತಿ ಇದ್ದೂ ಹೀಗೇಕಾಗುತ್ತದೆ ಎಂಬುದಕ್ಕೆ ಉತ್ತರ ಕಾನೂನಿನಲ್ಲೇ ಇದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 77ನೆಯ ಕಲಮಿನ ಪ್ರಕಾರ ಅಭ್ಯರ್ಥಿಯ ಲೆಕ್ಕ ಶುರುವಾಗುವುದು ನಾಮಪತ್ರದ ದಿನದಿಂದ. ಅದಕ್ಕೆ ಮುಂಚೆ ಹಂಚಿದ ಕುಕ್ಕರು, ಸೀರೆ, ಕಟ್ಟಿಸಿಕೊಟ್ಟ ಗುಡಿಯ ಕಳಸ, ಯುವಕ ಮಂಡಳಿಗೆ ಕೊಡಿಸಿದ ಕ್ರಿಕೆಟ್ ಕಿಟ್ಟು ಇವೆಲ್ಲ ಲೆಕ್ಕದ ಹೊರಗೆ. ಸ್ಟಾರ್ ಪ್ರಚಾರಕರ ಓಡಾಟದ ವೆಚ್ಚವೂ ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಪಕ್ಷ ಎಷ್ಟು ಖರ್ಚು ಮಾಡಬಹುದು ಎಂಬುದಕ್ಕಂತೂ ಮಿತಿಯೇ ಇಲ್ಲ. 1974ರಲ್ಲಿ, ಮೇಲೆ ಹೇಳಿದ ಸದರ್ ಚುನಾವಣೆಯ ಕನ್ವರ್‌ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಗಾಗಿ ಪಕ್ಷ ಮಾಡುವ ಖರ್ಚನ್ನೂ ಅಭ್ಯರ್ಥಿಯ ಲೆಕ್ಕಕ್ಕೇ ಸೇರಿಸಬೇಕೆಂದಿತ್ತು. ಅದೇ ತಿಂಗಳು ಸುಗ್ರೀವಾಜ್ಞೆ ಬಂತು, ತೀರ್ಪಿನ ಬಲ ಹೋಯಿತು. ಆಗ ಅಧಿಕಾರದಲ್ಲಿದ್ದದ್ದು ಕಾಂಗ್ರೆಸ್. ಆಮೇಲೆ ಬಂದ ಯಾವ ಪಕ್ಷವೂ ಪಕ್ಷದ ಖರ್ಚಿಗೆ ಮಿತಿ ಹಾಕಲಿಲ್ಲ. 2018ರಲ್ಲಿ ಜಾರಿಯಾದ ಚುನಾವಣಾ ಬಾಂಡ್‌ಗಳು ದಾನಿಯ ಹೆಸರನ್ನೂ ಮುಚ್ಚಿಟ್ಟವು. 15 ಫೆಬ್ರವರಿ 2024ರಂದು ಸುಪ್ರೀಂ ಕೋರ್ಟ್ ಅವನ್ನು ರದ್ದುಮಾಡುವ ಹೊತ್ತಿಗೆ, ಏಪ್ರಿಲ್ 2019ರಿಂದ ಈಚೆಗಿನ ಲೆಕ್ಕದಲ್ಲೇ, ಬಿಜೆಪಿಗೆ ಸುಮಾರು 6,060 ಕೋಟಿ, ಕಾಂಗ್ರೆಸ್ಸಿಗೆ ಸುಮಾರು 1,421 ಕೋಟಿ ರೂಪಾಯಿ ಸಂದಿತ್ತು.

ಕಾಗದದ ಲೆಕ್ಕಕ್ಕೂ ನಿಜದ ಲೆಕ್ಕಕ್ಕೂ ಎಷ್ಟು ದೂರವಿದೆ? 2018ರ ಕರ್ನಾಟಕ ವಿಧಾನಸಭಾ ಚುನಾವಣೆಗೆ ಎಲ್ಲ ಸೇರಿ 9,500ರಿಂದ 10,500 ಕೋಟಿ ರೂಪಾಯಿ ಖರ್ಚಾಯಿತೆಂದು ದಿಲ್ಲಿಯ ಸೆಂಟರ್ ಫಾರ್ ಮೀಡಿಯಾ ಸ್ಟಡೀಸ್ ಅಂದಾಜು ಮಾಡಿತ್ತು. ಆಗಿನ ಮಿತಿ 28 ಲಕ್ಷ. ಕಣದಲ್ಲಿದ್ದ 2,600ಕ್ಕೂ ಹೆಚ್ಚು ಅಭ್ಯರ್ಥಿಗಳಲ್ಲಿ ಪ್ರತಿಯೊಬ್ಬರೂ, ಡಿಪಾಜಿಟ್ ಕಳೆದುಕೊಂಡ ಪಕ್ಷೇತರರೂ ಸೇರಿ, ಮಿತಿಯ ಕೊನೆಯ ರೂಪಾಯಿವರೆಗೆ ಖರ್ಚು ಮಾಡಿದ್ದರೂ ಒಟ್ಟು 750 ಕೋಟಿ ದಾಟದು. ಅಂದಾಜು ಅರ್ಧಕ್ಕರ್ಧ ತಪ್ಪೆಂದೇ ಇಟ್ಟುಕೊಳ್ಳಿ, ಆಗಲೂ ಐದು ಪಟ್ಟಿಗೂ ಹೆಚ್ಚು ರೊಕ್ಕ ಲೆಕ್ಕದ ಹೊರಗಿದೆ. 2023ರ ಚುನಾವಣೆಯಲ್ಲಿ ನಗದು, ಮದ್ಯ, ಮಾದಕವಸ್ತು, ಚಿನ್ನ ಬೆಳ್ಳಿ, ಹಂಚುವ ಸಾಮಾನು ಸೇರಿ 375 ಕೋಟಿ ರೂಪಾಯಿ ಮೌಲ್ಯದ ಮಾಲು ಜಪ್ತಿಯಾಯಿತೆಂದು ಆಯೋಗವೇ ಹೇಳಿತು. ಅದು 2018ರ ಜಪ್ತಿಯ ನಾಲ್ಕೂವರೆ ಪಟ್ಟು. ಇದು ಸಿಕ್ಕಿಬಿದ್ದದ್ದು ಮಾತ್ರ.

ನಮ್ಮ ಗಡಿಯಾಚೆಯ ಮರಾಠವಾಡದ ನಾಯಕ ಗೋಪಿನಾಥ್ ಮುಂಡೆ ಅವರು ಜೂನ್ 2013ರಲ್ಲಿ ಬಹಿರಂಗ ಸಭೆಯಲ್ಲಿ, 2009ರ ಲೋಕಸಭಾ ಚುನಾವಣೆಯಲ್ಲಿ ಎಂಟು ಕೋಟಿ ಖರ್ಚು ಮಾಡಿದ್ದೇನೆ ಎಂದರು. ಆಗಿನ ಮಿತಿ 25 ಲಕ್ಷ. ಆಯೋಗ ನೋಟಿಸು ಕೊಟ್ಟಿತು. ಅವರು 2014ರಲ್ಲಿ ಮತ್ತೆ ಗೆದ್ದು ಕೇಂದ್ರದ ಮಂತ್ರಿಯೂ ಆದರು. ನಮ್ಮದೇ ಬೆಳಗಾವಿಯಲ್ಲಿ ಜನವರಿ 2023ರಲ್ಲಿ ಬಿಜೆಪಿ ಶಾಸಕ ರಮೇಶ ಜಾರಕಿಹೊಳಿ ಅವರು, ಎದುರಾಳಿ ಮೂರು ಸಾವಿರದ ಸಾಮಾನು ಕೊಟ್ಟರೆ ನಾವು ಒಂದು ಮತಕ್ಕೆ ಆರು ಸಾವಿರ ಕೊಡುತ್ತೇವೆ ಎಂಬರ್ಥದ ಮಾತನ್ನು ವೇದಿಕೆಯಲ್ಲೇ ಆಡಿದರು. ದೂರು ದಾಖಲಾಯಿತು, ಮೇ ತಿಂಗಳಲ್ಲಿ ಅವರು ಗೆದ್ದರು. ಮೈಕಿನ ಮುಂದೆ ಒಪ್ಪಿಕೊಂಡ ಮೇಲೂ ಹೀಗಾದರೆ, ಸದ್ದಿಲ್ಲದೆ ಕವರು ಹಂಚುವವರಿಗೆ ಯಾವ ಭಯ?

ಖರ್ಚೆಂದರೆ ಕವರಿನೊಳಗಿನ ನೋಟು ಮಾತ್ರವಲ್ಲ. ಬಸವಕಲ್ಯಾಣದ ಉಪಚುನಾವಣೆಗೆ ಮುಂಚಿನ ತಿಂಗಳುಗಳನ್ನು ನೆನೆಯಿರಿ. ನವೆಂಬರ್ 2020ರಲ್ಲಿ ಯಡಿಯೂರಪ್ಪ ಸರ್ಕಾರ 50 ಕೋಟಿ ರೂಪಾಯಿಯ ಮರಾಠಾ ಅಭಿವೃದ್ಧಿ ಪ್ರಾಧಿಕಾರ ಘೋಷಿಸಿತು. ಈ ಕ್ಷೇತ್ರದಲ್ಲಿ ಮರಾಠಾ ಮತದಾರರು ಎಷ್ಟಿದ್ದಾರೆಂದು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮ ಬಂತು. ಕನ್ನಡ ಸಂಘಟನೆಗಳು ಡಿಸೆಂಬರ್ 5ರಂದು ಬಂದ್ ಮಾಡಿದವು. ಜನವರಿ 2021ರಲ್ಲಿ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಅನುಭವ ಮಂಟಪ ಬೇಡವೆಂದು ಯಾರೂ ಹೇಳಲಾರರು, ಮರಾಠಾ ಸಮಾಜದ ಬಡವರಿಗೆ ನೆರವು ಬೇಡವೆಂದೂ ಹೇಳಲಾರರು. ಆದರೆ ವರ್ಷಗಟ್ಟಲೆ ಕಾದ ಬೇಡಿಕೆಗಳು ಉಪಚುನಾವಣೆ ಹತ್ತಿರ ಬಂದಾಗ ಮಾತ್ರ ಈಡೇರುವುದಾದರೆ ಬೊಕ್ಕಸವೇ ಒಂದು ಪಕ್ಷದ ಪ್ರಚಾರನಿಧಿ ಆದಂತೆ. ಆ ಚುನಾವಣೆಯಲ್ಲಿ ಬಿಜೆಪಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದಿತು. ಅದರಲ್ಲಿ ಯಾವ ಮಷಿನ್ನನ್ನೂ ಮುಟ್ಟಬೇಕಾಗಿರಲಿಲ್ಲ.

ಇದಕ್ಕೆ ಒಂದು ಉತ್ತರ ನಮ್ಮ ಊರುಗಳಲ್ಲಿ ಸದಾ ಸಿದ್ಧವಿರುತ್ತದೆ. "ಎಲ್ಲಾರ ಕಡಿಂದೂ ತಗೋತೀವ್ರೀ, ಹಾಕೋದು ಮಾತ್ರ ನಮ್ಮ ಮನಸಿಗೆ ಬಂದವರಿಗೇ." ಈ ಮಾತಿನಲ್ಲಿ ಸತ್ಯವಿದೆ. ಗುಪ್ತ ಮತದಾನ ಬಡವರಿಗೆ ಕೊಟ್ಟ ದೊಡ್ಡ ರಕ್ಷೆ ಅದು. ಹೆಚ್ಚು ಸುರಿದವರು ಸೋತದ್ದನ್ನೂ ಎಲ್ಲರೂ ಕಂಡಿದ್ದೇವೆ. ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋದವರು ಪಕ್ಷದವರು ಕಳಿಸಿದ ಗಾಡಿಯಲ್ಲಿ ಊರಿಗೆ ಬಂದು ಎದುರು ಪಕ್ಷಕ್ಕೆ ಮತ ಹಾಕಿ ಹೋಗುವುದೂ ಉಂಟು. ಹಾಗಾದರೆ ರೊಕ್ಕದಿಂದ ಏನಾಯಿತು ಎಂದು ಕೇಳುತ್ತಾರೆ.

ರೊಕ್ಕದ ಕೆಲಸ ಮತಗಟ್ಟೆಗೆ ಬರುವ ಮೊದಲೇ ಮುಗಿದಿರುತ್ತದೆ. ಅದು ಯಾರು ನಿಲ್ಲಬಹುದು, ಯಾರು ನಿಲ್ಲಬಾರದು ಎಂದು ತೀರ್ಮಾನಿಸುತ್ತದೆ. ಟಿಕೆಟ್ ಕೇಳಲು ಹೋದವರನ್ನು ಪಕ್ಷ ಕೇಳುವ ಮೊದಲ ಪ್ರಶ್ನೆ "ಎಷ್ಟು ಹಾಕ್ತೀರಿ" ಎಂಬುದು. ಎಡಿಆರ್ ಸಂಸ್ಥೆ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಹೇಳಿದಂತೆ 2023ರಲ್ಲಿ ಗೆದ್ದ ಶಾಸಕರಲ್ಲಿ ಶೇ. 97ರಷ್ಟು ಜನ ಕೋಟ್ಯಧೀಶರು. ಇದು ಬರೀ ಒಂದು ಪಕ್ಷದ ಕಥೆಯಲ್ಲ. ತೊಗರಿ, ಸೋಯಾ ಬೆಳೆದು ಸಾಲದಲ್ಲಿರುವ ರೈತ, ಅಂಗನವಾಡಿ ಕಾರ್ಯಕರ್ತೆ, ಗ್ಯಾರೇಜಿನ ಮಿಸ್ತ್ರಿ, ಹತ್ತು ಹಳ್ಳಿಯ ಜಗಳ ಬಿಡಿಸುವ ಪ್ರಾಮಾಣಿಕ ಪಂಚಾಯಿತಿ ಸದಸ್ಯೆ ಇವರಲ್ಲಿ ಯಾರೂ ಆ ಯಂತ್ರದ ಮೇಲಿನ ಪಟ್ಟಿಯಲ್ಲಿ ಗೆಲ್ಲುವಂತೆ ಕಾಣಿಸುವುದಿಲ್ಲ. ಮತದಾರ ತನ್ನ ಮನಸಿಗೆ ಬಂದವರನ್ನು ಆರಿಸುತ್ತಾನೆ ನಿಜ. ಆದರೆ ಯಾರು ಯಾರ ನಡುವೆ ಆರಿಸಬೇಕು ಎಂಬುದನ್ನು ರೊಕ್ಕ ಮೊದಲೇ ಆರಿಸಿಟ್ಟಿರುತ್ತದೆ. ಪಟ್ಟಿಯಿಂದ ಆರು ಸಾವಿರ ಮತದಾರರ ಹೆಸರು ತೆಗೆಯುವುದು ಅಪರಾಧವಾದರೆ, ಅಭ್ಯರ್ಥಿಗಳ ಪಟ್ಟಿಯಿಂದ ಕ್ಷೇತ್ರದ ಬಹುಪಾಲು ಜನರನ್ನು ತೆಗೆದುಹಾಕುವುದು ಏನು?

ಹಾಕಿದ ರೊಕ್ಕ ಹಿಂದಕ್ಕೆ ಬರಬೇಕು. ಜುಲೈ 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು ಕಾಮಗಾರಿಗಳಲ್ಲಿ ಶೇ. 40ರವರೆಗೆ ಕಮಿಷನ್ ಕೇಳುತ್ತಾರೆಂದು ದೂರಿತು. ಸರ್ಕಾರ ಬದಲಾದ ಮೇಲೂ ಗುತ್ತಿಗೆದಾರರ ದೂರು ನಿಂತಿಲ್ಲ. 2024ರಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಕೋಟಿಗಟ್ಟಲೆ ಹಣ ಬೇರೆ ಖಾತೆಗಳಿಗೆ ಹರಿದದ್ದು ಬಯಲಾಯಿತು. ಅದರಲ್ಲಿ ಸುಮಾರು 20 ಕೋಟಿ ರೂಪಾಯಿ ಬಳ್ಳಾರಿ ಲೋಕಸಭಾ ಚುನಾವಣೆಗೆ ಬಳಕೆಯಾಗಿದೆ ಎಂದು ಜಾರಿ ನಿರ್ದೇಶನಾಲಯ ಆರೋಪಿಸಿದೆ. ಅದು ಇನ್ನೂ ಆರೋಪ. ನಿಜವೆಂದಾದರೆ, ಬುಡಕಟ್ಟಿನ ಮಕ್ಕಳ ಗಂಗಾಕಲ್ಯಾಣದ ಬಾವಿ, ಸಾಲ, ಶಿಕ್ಷಣ ಇವೆಲ್ಲವೂ ಕವರಿನೊಳಗೆ ಹೋಗಿ ಅದೇ ಬಡವರ ಮನೆ ಬಾಗಿಲಿಗೆ ಐನೂರರ ನೋಟಾಗಿ ಬಂದಿವೆ ಎಂದರ್ಥ. ತಗೋತೀವಿ ಎನ್ನುವವರು ತಗೊಂಡದ್ದು ತಮ್ಮದೇ ಬಾವಿಯ ಬೆಲೆಯನ್ನು. ಐನೂರು ಪಡೆದ ಬಡವನನ್ನು ನಾನು ದೂರುವುದಿಲ್ಲ, ಅವನಿಗೆ ಆ ದಿನ ಅದು ಬೇಕಿತ್ತು. ಕೊಟ್ಟವನನ್ನು ದೂರುತ್ತೇನೆ, ಕೊಟ್ಟವನನ್ನು ಬಿಟ್ಟು ಕಂಪ್ಯೂಟರಿನ ಕಡೆ ನೋಡಿ ಎನ್ನುವ ಓದಿದವರನ್ನೂ ದೂರುತ್ತೇನೆ.

ಮತಗಳವಿನ ಕಥೆ ಇಷ್ಟು ಜನಪ್ರಿಯವಾದದ್ದು ಏಕೆ? ಅದು ಎಲ್ಲರಿಗೂ ಅನುಕೂಲ. ಸೋತ ಪಕ್ಷಕ್ಕೆ ತನ್ನ ಸಂಘಟನೆ, ತನ್ನ ಅಭ್ಯರ್ಥಿ, ತನ್ನ ಆಡಳಿತದ ತಪ್ಪು ಹುಡುಕಬೇಕಾದ ಕಷ್ಟ ತಪ್ಪುತ್ತದೆ. ಆಗಸ್ಟ್ 2025ರಲ್ಲಿ ರಾಜ್ಯದ ಕಾಂಗ್ರೆಸ್ ಸರ್ಕಾರದ ಮಂತ್ರಿ ಕೆ.ಎನ್. ರಾಜಣ್ಣ ಅವರು, ಪಟ್ಟಿ ತಯಾರಾದಾಗ ನಮ್ಮದೇ ಸರ್ಕಾರವಿತ್ತಲ್ಲ, ಆಗ ನಾವೇನು ನೋಡುತ್ತಿದ್ದೆವು ಎಂಬ ಧಾಟಿಯಲ್ಲಿ ಮಾತನಾಡಿ ಸ್ಥಾನ ಕಳೆದುಕೊಂಡರು. ಗೆದ್ದ ಪಕ್ಷಕ್ಕೂ ಇದು ಅನುಕೂಲ. ಆರೋಪವನ್ನು ಹುಚ್ಚುಮಾತೆಂದು ತಳ್ಳಿದರೆ ತನ್ನ ಖರ್ಚಿನ ಬಗ್ಗೆ ಯಾರೂ ಕೇಳುವುದಿಲ್ಲ. ಮತದಾರನಿಗಂತೂ ಅದು ದೊಡ್ಡ ಸಮಾಧಾನ, ಕಳ್ಳ ದಿಲ್ಲಿಯಲ್ಲಿದ್ದಾನೆ, ನಮ್ಮ ಓಣಿಯಲ್ಲಿಲ್ಲ. ರೊಕ್ಕದ ಆರೋಪಕ್ಕೆ ಈ ಅನುಕೂಲವಿಲ್ಲ. ಅದನ್ನು ಎತ್ತಿದರೆ ಎಲ್ಲ ಪಕ್ಷಗಳೂ, ಗುತ್ತಿಗೆದಾರರೂ, ಊರಿನ ಪುಢಾರಿಗಳೂ, ಕವರು ಹಿಡಿದ ಕೈಗಳೂ ಎದುರು ನಿಲ್ಲಬೇಕಾಗುತ್ತದೆ.

ಈ ಮೌನಕ್ಕೆ ಕಾನೂನೂ ಆಸರೆಯಾಗಿದೆ. ಮತದಾರರಿಗೆ ಲಂಚ ಕೊಡುವುದು ಭ್ರಷ್ಟ ಆಚರಣೆ, ಚುನಾವಣೆ ಅಸಿಂಧುವಾಗಬಹುದು. ಅಪರಾಧವಾಗಿ ಮಾತ್ರ ಅದಕ್ಕೆ ಹೆಚ್ಚೆಂದರೆ ಒಂದು ವರ್ಷ ಸಜೆ. ಪೊಲೀಸರು ನ್ಯಾಯಾಲಯದ ಅನುಮತಿ ಇಲ್ಲದೆ ತನಿಖೆ ಶುರುಮಾಡುವಂತಿಲ್ಲ. ಚುನಾವಣಾ ತಕರಾರು ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು 86ನೆಯ ಕಲಮು ಹೇಳುತ್ತದೆ. ನಡೆಯುವುದು ಹೇಗೆ? ತುಮಕೂರು ಗ್ರಾಮಾಂತರದಲ್ಲಿ 2018ರಲ್ಲಿ ಗೆದ್ದ ಡಿ.ಸಿ. ಗೌರಿಶಂಕರ್ ಅವರ ಆಯ್ಕೆಯನ್ನು ಮತದಾರರಿಗೆ ನಕಲಿ ವಿಮೆ ಬಾಂಡ್ ಹಂಚಿದ ಕಾರಣಕ್ಕೆ ಹೈಕೋರ್ಟ್ ಅಸಿಂಧುಗೊಳಿಸಿತು. ತೀರ್ಪು ಬಂದದ್ದು ಮಾರ್ಚ್ 2023ರಲ್ಲಿ, ಅವರ ಅವಧಿ ಮುಗಿಯಲು ತಿಂಗಳುಗಳಷ್ಟೇ ಉಳಿದಿದ್ದಾಗ. ಐದು ವರ್ಷ ಆಳಿದ ಮೇಲೆ ಆಯ್ಕೆ ತಪ್ಪಾಗಿತ್ತೆಂದು ತಿಳಿದರೆ ಆ ಕ್ಷೇತ್ರದ ಜನರಿಗೆ ಆದ ನಷ್ಟವನ್ನು ಯಾರು ತುಂಬಿಕೊಡುತ್ತಾರೆ? ತಮಿಳುನಾಡಿನ ವೆಲ್ಲೂರಿನಲ್ಲಿ 2019ರಲ್ಲಿ ಕಂತೆಕಂತೆ ನಗದು ಸಿಕ್ಕಾಗ ಆಯೋಗದ ಶಿಫಾರಸಿನಂತೆ ರಾಷ್ಟ್ರಪತಿಗಳು ಲೋಕಸಭಾ ಚುನಾವಣೆಯನ್ನೇ ರದ್ದುಪಡಿಸಿದರು. ಮನಸ್ಸಿದ್ದರೆ ಸಾಧ್ಯವೆಂಬುದಕ್ಕೆ ಅದು ಸಾಕ್ಷಿ.

ಆದ್ದರಿಂದ ನಮ್ಮ ಕೂಗಿನ ದಿಕ್ಕು ಬದಲಾಗಬೇಕು. ಮತದಾರರ ಪಟ್ಟಿಯನ್ನು ಯಂತ್ರ ಓದಬಲ್ಲ ರೂಪದಲ್ಲಿ ಎಲ್ಲ ಪಕ್ಷಗಳಿಗೂ ಕೊಡಿ, ಹೆಸರು ತೆಗೆಯುವ ಪ್ರತಿ ಅರ್ಜಿಯನ್ನೂ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಿ, ಆಳಂದದ ತಪ್ಪಿತಸ್ಥರನ್ನು ಜೈಲಿಗೆ ಕಳಿಸಿ ಎಂದು ಕೇಳೋಣ. ಅದರ ಹತ್ತು ಪಟ್ಟು ಗಟ್ಟಿಯಾಗಿ ಇನ್ನೂ ನಾಲ್ಕು ಮಾತು ಕೇಳಬೇಕು. ಪಕ್ಷದ ಖರ್ಚಿಗೂ ಮಿತಿ ಹಾಕಿ. ಲೆಕ್ಕವನ್ನು ನಾಮಪತ್ರದ ದಿನಕ್ಕಿಂತ ಒಂದು ವರ್ಷ ಹಿಂದಿನಿಂದ ಶುರುಮಾಡಿ. ಲಂಚ ಹಂಚುವುದನ್ನು ಪೊಲೀಸರು ನೇರವಾಗಿ ಕೈಹಾಕಬಹುದಾದ ಅಪರಾಧ ಮಾಡಿ. ತಕರಾರು ಅರ್ಜಿಗೆ ಆರು ತಿಂಗಳ ಗಡುವನ್ನು ಕಡ್ಡಾಯ ಮಾಡಿ. ಈ ನಾಲ್ಕಕ್ಕೆ ಸಹಿ ಹಾಕದ ಪಕ್ಷ ಮತಗಳವಿನ ಬಗ್ಗೆ ಎಷ್ಟು ಮೆರವಣಿಗೆ ಮಾಡಿದರೂ ಅದನ್ನು ನಂಬಬೇಡಿ.

ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಬೊಕ್ಕಸದ ಹೊನ್ನನ್ನು ಜಂಗಮರಿಗೆ ಸುರಿದರೆಂಬ ದೂರು ಅರಮನೆಗೆ ಹೋದಾಗ, ಭಂಡಾರ ತೆರೆದು ಲೆಕ್ಕ ಒಪ್ಪಿಸಿದರು, ಒಂದು ಹೊನ್ನೂ ಕಡಿಮೆ ಇರಲಿಲ್ಲ ಎಂಬುದು ಕಲ್ಯಾಣದ ಮಕ್ಕಳಿಗೂ ಗೊತ್ತಿರುವ ಪುರಾಣದ ಕಥೆ. ಆರೋಪ ಬಂದವರು ಲೆಕ್ಕ ತೋರಿಸಬೇಕು ಎಂಬ ರೀತಿ ನಮ್ಮ ನೆಲದ್ದು. ಆ ಲೆಕ್ಕ ಕೇಳಲು ಕಾನೂನು ಇವತ್ತೂ ಒಂದು ದಾರಿ ಇಟ್ಟಿದೆ. ಫಲಿತಾಂಶ ಬಂದ ಮೂವತ್ತು ದಿನದೊಳಗೆ ಪ್ರತಿ ಅಭ್ಯರ್ಥಿಯೂ ತನ್ನ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸಬೇಕು. ಚುನಾವಣಾ ನಿಯಮ 88ರ ಪ್ರಕಾರ ಒಂದು ರೂಪಾಯಿ ಶುಲ್ಕ ಕಟ್ಟಿದ ಯಾರೇ ಆಗಲಿ ಅದನ್ನು ನೋಡಬಹುದು.

ಮುಂದಿನ ಚುನಾವಣೆ ಮುಗಿದ ಮೇಲೆ ಬಸವಕಲ್ಯಾಣದ, ಹುಮನಾಬಾದಿನ ಪ್ರತಿ ಹೋಬಳಿಯಿಂದ ಹತ್ತು ಜನ ಬೀದರಿನ ಜಿಲ್ಲಾಧಿಕಾರಿ ಕಚೇರಿಗೆ ಹೋಗಲಿ. ಗೆದ್ದವರ, ಸೋತವರ, ಎಲ್ಲರ ಲೆಕ್ಕ ತರಲಿ. ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ನಿಮ್ಮೂರಿನ ಸಭೆಗೆ ಎಷ್ಟು ಪೆಂಡಾಲು ಬರೆದಿದ್ದಾರೆ, ಎಷ್ಟು ಜೀಪು, ಎಷ್ಟು ಊಟ ಎಂದು ಓದಿದಾಗ, ಅಂದು ಅಲ್ಲಿದ್ದು ಕಂಡವರು ಎದ್ದು ಹೇಳಲಿ. ಹೇಳಿದ್ದನ್ನು ಬರೆದು, ಸಹಿ ಮಾಡಿ, ಆಯೋಗಕ್ಕೆ ಕಳಿಸಲಿ. ಸುಳ್ಳು ಲೆಕ್ಕ ಕೊಟ್ಟವರನ್ನು ಮೂರು ವರ್ಷ ಅನರ್ಹಗೊಳಿಸುವ ಅಧಿಕಾರ 10ಎ ಕಲಮಿನಲ್ಲಿ ಆಯೋಗಕ್ಕಿದೆ. ಸಾವಿರ ಸಹಿಗಳ ದೂರನ್ನು ಮೂಲೆಗೆ ತಳ್ಳುವುದು ಆಯೋಗಕ್ಕೂ ಸುಲಭವಾಗದು. ಮತ ಕಾಯಬೇಕೆನ್ನುವವರು ಈ ಕೆಲಸದಿಂದಲೇ ಶುರುಮಾಡಲಿ.